ರಜೆಯ ದಿನದ ಹಾಜರಿ

ಸೀಗೆಕುಂಟೆ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಮುಖ್ಯ ಶಿಕ್ಷಕಿ ಶೋಭಾರಾಣಿಗೆ ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ಒಂದೇ ಒಂದು ನೋಟಿಸು ಬಂದಿತ್ತು. ಎರಡು ವರ್ಷದ ಹಿಂದಿನ ಮಾತು. ಮಳೆಗಾಲದಲ್ಲಿ ಹಳೇ ಕೊಠಡಿಯ ತಾರಸಿಯಿಂದ ಅಂಗೈಯಗಲದ ಗಾರೆ ಕಳಚಿ ಬೆಂಚಿನ ಮೇಲೆ ಬಿದ್ದಿತ್ತು. ಯಾರಿಗೂ ಏನೂ ಆಗಲಿಲ್ಲ. ಆದರೆ ಯಾರೋ ಅದರ ಫೋಟೋ ತೆಗೆದು ಹಂಚಿದರು, ಅದು ಮೇಲಿನವರೆಗೂ ಹೋಯಿತು. ‘ಶಿಥಿಲ ಕೊಠಡಿಯಲ್ಲಿ ಮಕ್ಕಳನ್ನು ಕೂರಿಸಿ ಕರ್ತವ್ಯಲೋಪ ಎಸಗಿರುವ ಬಗ್ಗೆ’ ಎಂದು ಕಾಗದ ಬಂತು. ಆ ಕೊಠಡಿ ರಿಪೇರಿ ಮಾಡಿಸಿ ಎಂದು ಅವಳೇ ಮೂರು ಸಲ ಬರೆದುಕೊಂಡಿದ್ದಳು. ಆ ಮೂರು ಪತ್ರಗಳ ಬಗ್ಗೆ ಯಾರೂ ಕೇಳಲಿಲ್ಲ. ಕೊಠಡಿಗೆ ಬೀಗ ಬಿತ್ತು, ಅವಳ ಒಂದು ಇನ್‌ಕ್ರಿಮೆಂಟು ನಿಂತಿತು.

ಅಲ್ಲಿಂದಾಚೆಗೆ ಅವಳಿಗೆ ಇಲಾಖೆಯ ಸೂಚನೆ ಅಂದರೆ ಎದೆ ಹೊಡೆದುಕೊಳ್ಳುವಷ್ಟು ಹೆದರಿಕೆ. ಶಿಕ್ಷಕರ ವಾಟ್ಸ್ಯಾಪ್ ಗುಂಪಿಗೆ ದಿನಕ್ಕೆ ಹತ್ತೆಂಟು ಬರುತ್ತಿದ್ದವು. ಮೊಟ್ಟೆ ತಿಂದ ಮಕ್ಕಳ ಪಟ್ಟಿ, ಶೌಚಾಲಯದ ಫೋಟೋ, ಸೊಳ್ಳೆ ನಿಯಂತ್ರಣದ ಪ್ರತಿಜ್ಞೆ, ನಾಳೆಯೊಳಗೆ ಕಳಿಸಿ, ಈ ಸಂಜೆಯೊಳಗೆ ಕಳಿಸಿ, ತಕ್ಷಣ ಕಳಿಸಿ. ಅವಳು ಒಂದೊಂದನ್ನೂ ಕಾಡುಗೋಡಿ ಮಾರ್ಕೆಟ್ಟಿನ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟು ತೆಗೆಸಿ ಫೈಲಿಗೆ ಸೇರಿಸುತ್ತಿದ್ದಳು. ‘ಮೇಡಂ, ಇದನ್ನೆಲ್ಲ ಯಾರು ನೋಡ್ತಾರೆ?’ ಎಂದು ಅತಿಥಿ ಶಿಕ್ಷಕಿ ಮಾಲಾ ನಗುತ್ತಿದ್ದಳು. ‘ಏನಾದ್ರೂ ಆದಾಗ ನೋಡ್ತಾರೆ’ ಎನ್ನುತ್ತಿದ್ದಳು ಶೋಭಾರಾಣಿ.

ದೀಪಾವಳಿ ಕಳೆದು ಎರಡನೇ ವಾರ. ಬಂಗಾಳಕೊಲ್ಲಿಯಲ್ಲಿ ಎದ್ದ ಚಂಡಮಾರುತದ ಮಳೆ ಮೂರು ದಿನದಿಂದ ಹಿಡಿದಿತ್ತು. ಜೋರಾಗಿ ಸುರಿದು ನಿಲ್ಲುವ ಮಳೆಯಲ್ಲ, ನೆಲವನ್ನು ಒಳಗೊಳಗೇ ನೆನೆಸುವ ಮಳೆ. ಬುಧವಾರ ಬೆಳಗ್ಗೆ ರಜೆ ಕೊಡುತ್ತಾರೇನೋ ಎಂದು ಶೋಭಾರಾಣಿ ಆರು ಗಂಟೆಯಿಂದ ಫೋನು ನೋಡುತ್ತಲೇ ಇದ್ದಳು. ಏನೂ ಬರಲಿಲ್ಲ. ಒಂಬತ್ತಕ್ಕೆ ಶಾಲೆಯ ಬೀಗ ತೆಗೆದಳು.

ಅರವತ್ತಮೂರು ಮಕ್ಕಳಲ್ಲಿ ಬಂದವರು ಇಪ್ಪತ್ತೊಂದು. ಹೆಚ್ಚಿನವರು ಯಾದಗಿರಿ, ರಾಯಚೂರು ಕಡೆಯವರ ಮಕ್ಕಳು. ಅಪ್ಪಂದಿರು ಕಟ್ಟಡದ ಕೆಲಸಕ್ಕೆ, ಅಮ್ಮಂದಿರು ಟೆಕ್ ಪಾರ್ಕುಗಳ ಕಸ ಗುಡಿಸುವ ಕೆಲಸಕ್ಕೆ ಏಳು ಗಂಟೆಗೆಲ್ಲ ಹೊರಟುಬಿಡುವ ಮನೆಗಳು. ಅವರಿಗೆ ಮಳೆಯಿದ್ದರೂ ಶಾಲೆಯೇ ಗತಿ. ಜಗಲಿಯಲ್ಲೇ ಪ್ರಾರ್ಥನೆ ಮಾಡಿಸಿ, ಹಾಜರಿ ಕೂಗಿದಳು. ಮೂರನೇ ತರಗತಿಯ ಶಿವಗಂಗಾ ಎಂದಿನಂತೆ ಗಂಟಲು ಹರಿಯುವ ಹಾಗೆ ‘ಹಾಜರ್ ಟೀಚರ್’ ಅಂದಳು. ಶೋಭಾರಾಣಿ ಪುಸ್ತಕದಲ್ಲಿ ಗುರುತು ಹಾಕಿದಳು. ಅಡುಗೆಯ ಕೃಷ್ಣಮ್ಮ ಲೋಟಗಳಿಗೆ ಬಿಸಿ ಹಾಲು ಬಗ್ಗಿಸುತ್ತಿದ್ದಳು.

ಒಂಬತ್ತು ಐವತ್ತಕ್ಕೆ ಫೋನು ಗುಂಯ್‌ಗುಟ್ಟಿತು. ಇಂದು ಎಲ್ಲ ಶಾಲೆಗಳಿಗೆ ರಜೆ. ಬಂದ ಮಕ್ಕಳನ್ನು ಸುರಕ್ಷಿತವಾಗಿ ಮನೆಗೆ ಕಳುಹಿಸುವುದು. ಶಾಲಾ ಆವರಣದಲ್ಲಿ ಮಕ್ಕಳನ್ನು ಉಳಿಸಿಕೊಂಡು ಏನಾದರೂ ಅನಾಹುತವಾದಲ್ಲಿ ಮುಖ್ಯ ಶಿಕ್ಷಕರನ್ನೇ ನೇರ ಹೊಣೆಗಾರರನ್ನಾಗಿ ಮಾಡಲಾಗುವುದು. ಮುಚ್ಚಿದ ಶಾಲೆಯ ಫೋಟೋವನ್ನು ಹತ್ತೂವರೆಯೊಳಗೆ ಗುಂಪಿಗೆ ಹಾಕುವುದು.

ಶೋಭಾರಾಣಿ ಲೋಕೇಶನಿಗೆ ಫೋನು ಮಾಡಿದಳು. ಸುತ್ತಲಿನ ಹದಿನಾಲ್ಕು ಶಾಲೆಗಳಿಗೂ ಮೇಲಿನ ಕಚೇರಿಗೂ ನಡುವೆ ಓಡಾಡುವವನು ಅವನೇ.

‘ಲೋಕೇಶ್, ಈಗ ಕಳ್ಸು ಅಂದ್ರೆ ಎಲ್ಲಿಗೆ ಕಳ್ಸ್ಲಿ? ಇವರ ಮನೆಗಳಲ್ಲಿ ಯಾರೂ ಇರಲ್ಲ.’

‘ಮೇಡಂ, ಎಲ್ರದ್ದೂ ಇದೇ ಕಥೆ. ಕಳ್ಸಿಬಿಡಿ.’

‘ಸಂಜೆವರೆಗೂ ನಾನೇ ಕೂತ್ಕೊಂಡಿರ್ತೀನಪ್ಪ. ಫೋಟೋ ಒಂದು...’

‘ನಿಮ್ ಶಾಲೆ ಆಗ್ಲೇ ಲಿಸ್ಟಲ್ಲಿದೆ, ಮರೀಬೇಡಿ. ಮತ್ತೆ ಗಾರೆ ಗೀರೆ ಬಿದ್ರೆ ಈ ಸಲ ಇನ್‌ಕ್ರಿಮೆಂಟಲ್ಲಿ ಮುಗಿಯಲ್ಲ. ಹತ್ತೂವರೆಗೆ ಫೋಟೋ ಹಾಕಿ. ಅಷ್ಟೇ ನಂಗೊತ್ತಿರೋದು.’

ಕೃಷ್ಣಮ್ಮ ಸೌಟು ಹಿಡಿದುಕೊಂಡೇ ಕೇಳಿಸಿಕೊಂಡಳು. ‘ಇಂಗೆ ಮಳೇಲಿ ಎಂಗೆ ಕಳ್ಸ್ತೀರವ್ವಾ? ಅನ್ನಕ್ಕಾದ್ರೂ ಇಟ್ಬುಡ್ತೀನಿ, ಉಂಡ್ಕಂಡ್ ಓಗ್ಲಿ.’

‘ಬೇಡ ಕೃಷ್ಣಮ್ಮ. ಆರ್ಡರ್ ಬಂದಿದೆ.’

ಒಬ್ಬೊಬ್ಬರನ್ನೇ ಕೇಳಿ ಕೇಳಿ ಕಳಿಸಿದಳು. ಮನೆಯಲ್ಲಿ ಅಜ್ಜಿ ಇದ್ದವರು, ಅಣ್ಣ ಇದ್ದವರು, ಪಕ್ಕದ ಮನೆಯವರು ನೋಡಿಕೊಳ್ಳುವವರು. ಕೊನೆಗೆ ಶಿವಗಂಗಾ ಒಬ್ಬಳು ಉಳಿದಳು.

‘ನಿಮ್ಮನೇಲಿ ಯಾರಿದಾರೆ ಪುಟ್ಟಿ?’

‘ಯಾರೂ ಇಲ್ರಿ. ಅವ್ವ ಕೆಲಸಕ್ಕ ಹೋಗ್ಯಾಳ. ಕೀಲಿ ನನ್ ಹತ್ರ ಐತ್ರಿ.’ ಸ್ವಲ್ಪ ತಡೆದು ಸೇರಿಸಿದಳು, ‘ನಾ ಬರೂ ಮಟ ಸಾಲ್ಯಾಗ ಇರು ಅಂದಾಳ್ರಿ ಅವ್ವ. ನಾ ಇಲ್ಲೇ ಕುಂದರ್ತೀನ್ರಿ. ಗದ್ಲ ಮಾಡಂಗಿಲ್ರಿ.’

ಗಂಟೆ ಹತ್ತೂ ಇಪ್ಪತ್ತಾಗಿತ್ತು. ಗುಂಪಿನಲ್ಲಿ ಒಂದಾದಮೇಲೊಂದು ಮುಚ್ಚಿದ ಶಾಲೆಗಳ ಫೋಟೋಗಳು ಬಂದು ಬೀಳುತ್ತಿದ್ದವು. ತನ್ನ ಶಾಲೆಯದೊಂದೇ ಬಾಕಿ ಎಂದು ಶೋಭಾರಾಣಿಗೆ ಅನ್ನಿಸತೊಡಗಿತು. ಅವಳು ಮಗುವಿನ ಕೈಹಿಡಿದು ಮುಖ್ಯರಸ್ತೆ ದಾಟಿಸಿದಳು. ವೆಂಕಟೇಶಪ್ಪನವರ ಬಾಡಿಗೆ ಶೀಟಿನ ಮನೆಗಳ ಓಣಿಯೊಳಗೆ ಅವಳ ಮನೆ ಬಾಗಿಲವರೆಗೂ ಹೋಗಿ ಬಿಡಬೇಕೆಂದಿದ್ದಳು. ಓಣಿಯ ಬಾಯಲ್ಲಿ ಮೊಣಕಾಲುದ್ದ ಕೆಸರು, ಅಲ್ಲೇ ನಿಂತಳು.

‘ಬಾಗಿಲು ಹಾಕ್ಕೊಂಡು ಒಳಗೇ ಇರು. ಹೊರಗೆ ಬರಬೇಡ, ತಿಳೀತಾ?’ ಅಂದಳು.

‘ಹೂಂ ಟೀಚರ್’ ಎಂದು ಶಿವಗಂಗಾ ಲಂಗ ಎತ್ತಿಕೊಂಡು ಕೆಸರು ತುಳಿಯುತ್ತ ಹೋದಳು. ಶೋಭಾರಾಣಿ ವಾಪಸು ಬಂದು ಬೀಗ ಹಾಕಿ ಫೋಟೋ ತೆಗೆದಳು. ಹತ್ತು ಮೂವತ್ತಮೂರಕ್ಕೆ ಕಳಿಸಿದಳು. ಲೋಕೇಶ ಹೆಬ್ಬೆರಳಿನ ಗುರುತು ಒತ್ತಿದ.

ವೆಂಕಟೇಶಪ್ಪ ಊರಿನ ಹಳೇ ಒಕ್ಕಲು ಮನೆಯವರು. ರಾಗಿ ಬೆಳೆಯುತ್ತಿದ್ದ ಹೊಲದ ಮುಕ್ಕಾಲು ಪಾಲು ಅಪಾರ್ಟ್‌ಮೆಂಟಿನವರಿಗೆ ಹೋಗಿ, ಉಳಿದ ಪಟ್ಟಿಯಲ್ಲಿ ಹನ್ನೆರಡು ಶೀಟಿನ ಮನೆ ಕಟ್ಟಿ ಬಾಡಿಗೆಗೆ ಬಿಟ್ಟಿದ್ದರು. ಆ ಮನೆಗಳ ಬೆನ್ನಿಗೇ ಅಪಾರ್ಟ್‌ಮೆಂಟಿನ ಕಾಂಪೌಂಡು. ಆ ಕಡೆ ಆಳೆತ್ತರ ಮಣ್ಣು ತುಂಬಿ ತೋಟ ಮಾಡಿದ್ದರು. ಮೂರು ದಿನ ನೀರು ಕುಡಿದ ಆ ಮಣ್ಣು ಬುಧವಾರ ಹನ್ನೊಂದೂವರೆಗೆ ಕಾಂಪೌಂಡನ್ನು ತಳ್ಳಿಕೊಂಡು ಈ ಕಡೆ ಬಂತು. ಮೂರು ಮನೆಗಳು ನೆಲಸಮವಾದವು. ಎರಡು ಖಾಲಿ ಇದ್ದವು. ಮೂರನೆಯದರಲ್ಲಿ ಶಿವಗಂಗಾ ಒಳಗಿನಿಂದ ಚಿಲಕ ಹಾಕಿಕೊಂಡು ಕೂತಿದ್ದಳು.

ಶೋಭಾರಾಣಿ ಕಾಡುಗೋಡಿಯ ತನ್ನ ಮನೆ ತಲುಪಿ ಒದ್ದೆ ಸೀರೆ ಬಿಚ್ಚುವಷ್ಟರಲ್ಲಿ ಕೃಷ್ಣಮ್ಮನ ಫೋನು ಬಂತು. ಆಟೋ ಹಿಡಿದು ಓಡಿಹೋದಾಗ ಜನ ಕೈಯಲ್ಲೇ ಇಟ್ಟಿಗೆ ತೆಗೆಯುತ್ತಿದ್ದರು. ಮಗುವನ್ನು ಎತ್ತಿದಾಗ ಮೈಮೇಲೆ ಯೂನಿಫಾರಂ ಇನ್ನೂ ಇತ್ತು. ಯಾರೂ ಅದನ್ನು ಗಮನಿಸಲಿಲ್ಲ. ಕೆಸರಿನಲ್ಲಿ ಯಾವ ಬಟ್ಟೆ ಅಂತ ಗೊತ್ತಾಗುವಂತಿರಲಿಲ್ಲ. ಶೋಭಾರಾಣಿಗೆ ಮಾತ್ರ ಗೊತ್ತಾಯಿತು.

ಮರುದಿನವೇ ಲೋಕೇಶ ಶಿಕ್ಷಣಾಧಿಕಾರಿ ಸಿದ್ದಲಿಂಗಯ್ಯನವರನ್ನು ಕರೆದುಕೊಂಡು ಬಂದ. ಸಿದ್ದಲಿಂಗಯ್ಯ ಕೂಗಾಡುವ ಜಾತಿಯವರಲ್ಲ. ಕುರ್ಚಿ ಎಳೆದುಕೊಂಡು ಕೂತು, ಮೆತ್ತಗೆ ಕೇಳಿದರು. ‘ಆನ್‌ಲೈನಲ್ಲಿ ಹಾಜರಿ ಹಾಕಿದ್ರಾಮ್ಮ?’

‘ನೆಟ್‌ವರ್ಕ್ ಇರಲಿಲ್ಲ ಸಾರ್. ಪುಸ್ತಕದಲ್ಲಿ ಮಾತ್ರ.’

‘ಒಳ್ಳೇದಾಯ್ತು.’ ಪುಸ್ತಕ ತರಿಸಿ ನೋಡಿದರು. ಬುಧವಾರದ ಕಾಲಮ್ಮಿನಲ್ಲಿ ಇಪ್ಪತ್ತೊಂದು ಗುರುತು. ‘ರಜೆ ಆದೇಶ ಬೆಳಗ್ಗೆ ಏಳೂವರೆಗೇ ಹೊರಟಿದೆ ಅಂತ ಮೇಲಿನಿಂದ ಹೇಳಿಕೆ ಕೊಟ್ಟಾಗಿದೆ. ರಜೆ ಅಂದಮೇಲೆ ಹಾಜರಿ ಎಲ್ಲಿಂದ ಬಂತು?’

‘ಸಾರ್, ನಂಗೆ ಬಂದಿದ್ದು ಒಂಬತ್ತೂ ಐವತ್ತಕ್ಕೆ. ಫೋನಲ್ಲಿದೆ.’

‘ಇರಬಹುದು. ನಿಮ್ಮ ಮೇಲೆ ಆಗ್ಲೇ ಒಂದಿದೆ. ಇದೂ ಸೇರಿದ್ರೆ ಪೊಲೀಸು, ಕೋರ್ಟು, ಪೆನ್ಷನ್ನು, ಎಲ್ಲ ಯೋಚನೆ ಮಾಡಿ.’ ಎದ್ದು ನಿಂತರು. ‘ಮಗು ಆ ದಿನ ಶಾಲೆಗೆ ಬಂದಿರಲಿಲ್ಲ. ಯಾರೂ ಬಂದಿರಲಿಲ್ಲ. ಅಡುಗೆಯವಳಿಗೆ ಲೋಕೇಶ್ ಹೇಳ್ತಾನೆ, ಮಕ್ಕಳ ಮಾತನ್ನ ಯಾರೂ ಬರ್ಕೊಳ್ಳಲ್ಲ. ಗೋಡೆ ಅಪಾರ್ಟ್‌ಮೆಂಟಿನವರದ್ದು. ನಮಗೂ ಅದಕ್ಕೂ ಸಂಬಂಧ ಇಲ್ಲ.’

ಲೋಕೇಶ ಚೀಲದಿಂದ ಹೊಸ ಹಾಜರಿ ಪುಸ್ತಕ ತೆಗೆದು ಮೇಜಿನ ಮೇಲಿಟ್ಟ.

ಆ ಮಧ್ಯಾಹ್ನ ಶೋಭಾರಾಣಿ, ಮಾಲಾ ಇಬ್ಬರೂ ಕೂತು ಜೂನ್‌ನಿಂದ ಹಿಡಿದು ಅರವತ್ತಮೂರು ಮಕ್ಕಳ ಆರು ತಿಂಗಳ ಹಾಜರಿಯನ್ನು ನಕಲು ಮಾಡಿದರು. ಹಳೆಯದೆಂದು ಕಾಣಲಿ ಎಂದು ಬೇರೆ ಬೇರೆ ಪೆನ್ನು ಬಳಸಿದರು. ಶಿವಗಂಗಾಳ ಸಾಲಿಗೆ ಬಂದಾಗ ಮಾಲಾಳ ಕೈ ನಿಂತಿತು. ಆ ಹುಡುಗಿ ಜೂನ್‌ನಿಂದ ಒಂದು ದಿನವೂ ತಪ್ಪಿಸಿರಲಿಲ್ಲ.

‘ಮೇಡಂ, ನಂದು ಗೆಸ್ಟ್ ಪೋಸ್ಟು. ಇಲ್ಲ ಅಂದ್ರೆ ನಾಳೆಯಿಂದ್ಲೇ ತೆಗೀತಾರೆ’ ಅಂದಳು, ಯಾರೂ ಏನೂ ಕೇಳದಿದ್ದರೂ. ‘ಬರಿ’ ಅಂದಳು ಶೋಭಾರಾಣಿ. ಬುಧವಾರದ ಕಾಲಮ್ಮಿನಲ್ಲಿ ಮಾತ್ರ ತಾನೇ ಮೇಲಿನಿಂದ ಕೆಳಗೆ ‘ಮಳೆ ರಜೆ’ ಎಂದು ಉದ್ದಕ್ಕೆ ಬರೆದಳು. ಹಳೇ ಪುಸ್ತಕವನ್ನು ಸುಟ್ಟುಬಿಡಿ ಎಂದಿದ್ದ ಲೋಕೇಶ. ಅವಳು ಅದನ್ನು ಸೀರೆಯಲ್ಲಿ ಸುತ್ತಿ ಮನೆಗೆ ತಂದು ಬೀರುವಿನಲ್ಲಿಟ್ಟಳು. ಕಾಗದ ಸುಟ್ಟು ಅಭ್ಯಾಸವಿರಲಿಲ್ಲ, ಅಷ್ಟೇ.

ಹತ್ತು ದಿನವಾದ ಮೇಲೆ ಶಿವಗಂಗಾಳ ಅವ್ವ ರುಕ್ಮವ್ವ ಬಂದಳು. ಅವತ್ತೇ ಮಗಳನ್ನು ಊರಿಗೆ ಒಯ್ದು ಮಣ್ಣು ಮಾಡಿ, ಆಗಷ್ಟೇ ಮತ್ತೆ ಕೆಲಸಕ್ಕೆಂದು ಬಂದಿದ್ದಳು. ತಹಸೀಲ್ದಾರ್ ಕಚೇರಿಯಲ್ಲಿ ಮಗುವಿನ ವಯಸ್ಸಿಗೆ ಶಾಲೆಯ ಪತ್ರ ಬೇಕೆಂದಿದ್ದರಂತೆ. ಗಂಡ ಚನಬಸಪ್ಪ ಗೇಟಿನಾಚೆಯೇ ನಿಂತಿದ್ದ. ಶೋಭಾರಾಣಿ ದಾಖಲಾತಿ ಪುಸ್ತಕ ತೆಗೆದು ಹುಟ್ಟಿದ ದಿನಾಂಕ ಬರೆಯುತ್ತಿದ್ದಳು. ರುಕ್ಮವ್ವ ನೆಲದ ಮೇಲೆ ಕೂತು ತಾನಾಗಿ ಮಾತಾಡತೊಡಗಿದಳು.

‘ಹಿಂದಿನ ಗ್ವಾಡಿ ಎರಡ ದಿನದಿಂದ ನೀರು ಜಿನಗ್ತಿತ್ರಿ. ಹಾಸಗಿ ಎಲ್ಲಾ ಹಸಿ. ನನಗ ಯಾಕೋ ಚಲೋ ಅನಸಲಿಲ್ಲ. ಮುಂಜಾನಿ ಹೋಗೂ ಮುಂದ ಆಕಿಗೆ ಹೇಳಿದ್ನಿ. ಮನ್ಯಾಗ ಇರಬ್ಯಾಡ, ಸಾಲಿಗೆ ಹೋಗು, ನಾ ಬಂದು ಕರಕೊಂಡ್ ಬರ್ತೀನಿ, ಅಲ್ಲೀ ಮಟ ಅಲ್ಲೇ ಇರು ಅಂತ. ಹೂಂ ಅಂದಳ್ರಿ. ತಲಿ ಬಾಚಿಸ್ಕೊಂಡಳು. ಆಮ್ಯಾಲ ಯಾಕ ಹೋಗಲಿಲ್ಲೋ ಗೊತ್ತಿಲ್ಲ. ರಜಾ ಅಂತ ಆಕಿಗೆ ಯಾರು ಹೇಳಿದ್ರೋ, ಮಕ್ಕೊಂಡಳೋ.’

ಶೋಭಾರಾಣಿ ಹುಟ್ಟಿದ ತಿಂಗಳನ್ನು ಪುಸ್ತಕದಲ್ಲಿ ಇನ್ನೊಮ್ಮೆ ನೋಡಿ ಬರೆದಳು.

‘ಎಲ್ಲಾರೂ ಅಳ್ತಾರ್ರಿ. ನನಗ ಅಳು ಬರವಲ್ದು. ಸಿಟ್ಟು ಬರ್ತದ ಆಕಿ ಮ್ಯಾಲೆ. ಸತ್ತ ಮಗಳ ಮ್ಯಾಲೆ ಸಿಟ್ಟು ಮಾಡೂದು ಎಲ್ಲಿಯಾದ್ರೂ ಐತೇನ್ರಿ? ಒಂದ ಮಾತು ಹೇಳಿದ್ನಿ. ಒಂದ. ಅದನ್ನ ಕೇಳಿದ್ರ ಇವತ್ತು ಇರ್ತಿದ್ಲು. ಇವರು ಅಂತಾರ, ನೀ ಸರಿಯಾಗಿ ಹೇಳೇ ಇಲ್ಲ, ಹೇಳಿದ್ರ ನನ್ ಮಗಳು ಮೀರಾಕಿ ಅಲ್ಲ ಅಂತ. ಮಾತ ಬಿಟ್ಟಾರ ನನ್ನ ಕೂಡ.’

ಶೋಭಾರಾಣಿ ಪತ್ರಕ್ಕೆ ಸಹಿ ಹಾಕಿ, ಮೊಹರು ಒತ್ತಿ, ಊದಿ ಒಣಗಿಸಿ ಕೊಟ್ಟಳು. ರುಕ್ಮವ್ವ ಎರಡೂ ಕೈಯಲ್ಲಿ ತಗೊಂಡು, ‘ಉಪಕಾರ ಆತ್ರಿ ಟೀಚರ್’ ಎಂದು ಹೋದಳು.

ಶೋಭಾರಾಣಿ ದಾಖಲಾತಿ ಪುಸ್ತಕ ಮುಚ್ಚಿ ಒಳಗಿಟ್ಟಳು. ಮಗು ಸತ್ತದ್ದಕ್ಕೆ ತಾನೊಬ್ಬಳೇ ಕಾರಣ ಅಲ್ಲ ಎಂದು ಹತ್ತು ದಿನದಿಂದ ತನಗೇ ಹೇಳಿಕೊಳ್ಳುತ್ತ ಬಂದಿದ್ದಳು. ಗೋಡೆ ಕಟ್ಟಿದವರಿದ್ದರು, ಅದರ ಬುಡಕ್ಕೆ ಮನೆ ಕಟ್ಟಿ ಬಾಡಿಗೆ ತಿಂದವರಿದ್ದರು, ತಡವಾಗಿ ಆದೇಶ ಕಳಿಸಿದವರಿದ್ದರು. ಆ ಲೆಕ್ಕದಲ್ಲಿ ತನ್ನ ಪಾಲು ಸಣ್ಣದು ಅನ್ನಿಸುತ್ತಿತ್ತು. ಆದರೆ ಮಾತು ಕೇಳಿದ ಮಗುವನ್ನು ಮಾತು ಕೇಳದವಳನ್ನಾಗಿ ಮಾಡಿದ್ದು ಬೇರೆ ಯಾರೂ ಅಲ್ಲ. ಅದು ಪೂರಾ ತನ್ನ ಕೈಬರಹ.

ಭಾನುವಾರ ಬೆಳಗ್ಗೆ ಹಳೇ ಹಾಜರಿ ಪುಸ್ತಕವನ್ನು ಬ್ಯಾಗಿನಲ್ಲಿಟ್ಟುಕೊಂಡು ಹೊರಟಳು. ಚನಬಸಪ್ಪನ ಸಂಸಾರ ಈಗ ಕೆಲಸದ ಸೈಟಿನ ಪಕ್ಕದ ತಗಡಿನ ಶೆಡ್ಡಿನಲ್ಲಿತ್ತು. ರುಕ್ಮವ್ವ ಬಟ್ಟೆ ಒಗೆಯುತ್ತಿದ್ದಳು. ಚನಬಸಪ್ಪ ಬಾಗಿಲಲ್ಲಿ ಕೂತು ಕಾಲಿನ ಸಿಮೆಂಟು ಉಜ್ಜಿಕೊಳ್ಳುತ್ತಿದ್ದ. ಟೀಚರನ್ನು ಕಂಡು ಎದ್ದು, ಬಕೆಟ್ಟು ಬೋರಲು ಹಾಕಿ ಕೂರಲು ಹೇಳಿದ. ಅವಳು ಕೂರಲಿಲ್ಲ.

‘ಶಿವಗಂಗಾ ಅವತ್ತು ಸ್ಕೂಲಿಗೆ ಬಂದಿದ್ಲು’ ಅಂದಳು.

ರುಕ್ಮವ್ವ ಒದ್ದೆ ಬಟ್ಟೆ ಹಿಡಿದುಕೊಂಡೇ ಇತ್ತ ತಿರುಗಿದಳು.

‘ಬಂದಿದ್ಲು. ಎಲ್ಲರಿಗಿಂತ ಮುಂಚೆ ಬಂದು ಕೂತಿದ್ಲು. ಹತ್ತು ಗಂಟೆಗೆ ರಜೆ ಅಂತ ಮೆಸೇಜ್ ಬಂತು. ಅವ್ವ ಇಲ್ಲೇ ಇರು ಅಂದಿದ್ದಾಳೆ ಅಂತ ಹೇಳಿದ್ಲು. ನಾನು ಕೇಳ್ಲಿಲ್ಲ. ನಾನೇ ಕೈಹಿಡಿದು ಓಣಿವರೆಗೂ ಬಿಟ್ಟು ಬಂದೆ. ಬಾಗಿಲು ಹಾಕ್ಕೊಂಡು ಒಳಗಿರು ಅಂದೆ.’

ನಲ್ಲಿಯ ನೀರು ಬಿಂದಿಗೆ ತುಂಬಿ ಹೊರಗೆ ಹರಿಯುತ್ತಿತ್ತು. ಯಾರೂ ನಿಲ್ಲಿಸಲಿಲ್ಲ. ರುಕ್ಮವ್ವ ಕೇಳಿದಳು.

‘ಏನಂದ್ಲು? ಆಕಿ ಹೆಂಗಂದ್ಲೋ ಹಂಗ ಹೇಳ್ರಿ.’

‘ನಾ ಇಲ್ಲೇ ಕುಂದರ್ತೀನ್ರಿ, ಗದ್ಲ ಮಾಡಂಗಿಲ್ರಿ ಅಂದ್ಲು.’

‘ಗದ್ಲ ಮಾಡಂಗಿಲ್ರಿ ಅಂದ್ಲಾ?’

‘ಹೂಂ.’

‘ಹಾಲು ಕೊಟ್ಟಿದ್ರೇನು?’

‘ಕೊಟ್ಟಿದ್ವಿ. ಕುಡಿದಳು.’

ರುಕ್ಮವ್ವನ ಬಾಯಿಂದ ಒಂದು ಸದ್ದು ಹೊರಟಿತು. ಮೊದಲಿಗೆ ಅದು ಅಳು ಎಂದು ಶೋಭಾರಾಣಿಗೆ ತಿಳಿಯಲಿಲ್ಲ. ಒದ್ದೆ ಬಟ್ಟೆಯನ್ನು ಎದೆಗೆ ಅವುಚಿಕೊಂಡು ಅವಳು ಕಲ್ಲಿನ ಮೇಲೆ ಮುಂದಕ್ಕೆ ಬಾಗಿದಳು. ‘ನನ್ನವ್ವ, ನನ್ನವ್ವ’ ಎಂದು ಮಗಳನ್ನು ಕರೆಯುತ್ತ ತಲೆಯನ್ನು ಕಲ್ಲಿಗೆ ಹೊಡೆದುಕೊಳ್ಳತೊಡಗಿದಳು. ಇಷ್ಟು ದಿನ ಮಾತು ಬಿಟ್ಟಿದ್ದ ಗಂಡ ಓಡಿಬಂದು ಅವಳ ಹಣೆಗೂ ಕಲ್ಲಿಗೂ ನಡುವೆ ತನ್ನ ಕೈ ಇಟ್ಟ. ಶೋಭಾರಾಣಿ ಮುಟ್ಟಲು ಹೋದಾಗ ಮಾತ್ರ, ‘ದೂರ ನಿಂದರ್ರಿ’ ಅಂದ. ಗಟ್ಟಿಯಾಗಿ ಅನ್ನಲಿಲ್ಲ.

ಅಳು ಇಳಿದ ಮೇಲೆ ಅವನೇ ಕೇಳಿದ. ‘ಇದನ್ನ ಬರದು ಕೊಡ್ತೀರಿ?’

ಅವಳು ಬ್ಯಾಗು ತೆರೆದಳು. ನಡೆದದ್ದನ್ನೆಲ್ಲ ಮೊದಲೇ ಬರೆದು ಸಹಿ ಮಾಡಿದ್ದ ಹಾಳೆ, ಹಳೇ ಪುಸ್ತಕ, ರಜೆಯ ಸಂದೇಶದ ಪ್ರಿಂಟು, ಮೂರನ್ನೂ ಅವನ ಕೈಗಿತ್ತಳು. ಚನಬಸಪ್ಪನಿಗೆ ಓದಲು ಬರುತ್ತಿರಲಿಲ್ಲ. ಪುಟಗಳನ್ನು ತಿರುವುತ್ತ, ‘ಯಾವುದು ಆಕಿ ಹೆಸರು?’ ಎಂದು ಕೇಳಿದ. ಅವಳು ಬೆರಳಿಟ್ಟು ತೋರಿಸಿದಳು.

ಅವರು ಪೊಲೀಸರಿಗೆ ಕೊಟ್ಟರು. ನಾಲ್ಕು ದಿನದಲ್ಲಿ ಶೋಭಾರಾಣಿ ಅಮಾನತಾದಳು. ದಾಖಲೆ ತಿದ್ದಿದ್ದು, ಇಲಾಖೆಯ ಪುಸ್ತಕವನ್ನು ಹೊರಗಿನವರಿಗೆ ಕೊಟ್ಟಿದ್ದು, ಮಗುವನ್ನು ಅಸುರಕ್ಷಿತವಾಗಿ ಕಳಿಸಿದ್ದು, ಮೂರು ಆರೋಪ. ಹೊಸ ಪುಸ್ತಕ ತಂದುಕೊಟ್ಟವನು ಯಾರು ಎಂಬುದಕ್ಕೆ ಅವಳ ಬಾಯಿಮಾತಲ್ಲದೆ ಸಾಕ್ಷಿಯಿರಲಿಲ್ಲ. ಲೋಕೇಶ ತಾನು ಆ ದಿನ ರಜೆಯಲ್ಲಿದ್ದೆ ಎಂದು ಬರೆದುಕೊಟ್ಟ. ಮಾಲಾಳನ್ನು ಕೆಲಸದಿಂದ ತೆಗೆದರು. ಅವಳು ಫೋನು ಮಾಡಿ, ‘ನೀವು ನಿಮ್ ಮನಸ್ಸು ಹಗುರ ಮಾಡ್ಕೊಂಡ್ರಿ ಮೇಡಂ. ನಂಗೊಂದು ಮಾತು ಹೇಳ್ಬಹುದಿತ್ತು’ ಎಂದು ಇಟ್ಟುಬಿಟ್ಟಳು. ಅಪಾರ್ಟ್‌ಮೆಂಟಿನವರು ಹೊಸ ಕಾಂಪೌಂಡು ಎಬ್ಬಿಸಿದರು. ವೆಂಕಟೇಶಪ್ಪ ಬಿದ್ದ ಮೂರು ಮನೆಗಳ ಜಾಗದಲ್ಲಿ ಮತ್ತೆ ತಳಪಾಯ ತೋಡಿಸಿದರು.

ವಿಚಾರಣೆ ಫೆಬ್ರವರಿಯಲ್ಲಿ ನಡೆಯಿತು. ಅಷ್ಟರಲ್ಲಿ ಎಲ್ಲ ಶಾಲೆಗಳಿಗೂ ಹೊಸ ಮಾರ್ಗಸೂಚಿ ಹೋಗಿತ್ತು. ಮಳೆ ರಜೆಯನ್ನು ಬೆಳಗ್ಗೆ ಆರರೊಳಗೆ ತಿಳಿಸತಕ್ಕದ್ದು. ತಡವಾದಲ್ಲಿ ಬಂದ ಮಕ್ಕಳನ್ನು ಪೋಷಕರು ಬರುವವರೆಗೂ ಶಾಲೆಯಲ್ಲೇ ಇರಿಸಿಕೊಳ್ಳತಕ್ಕದ್ದು. ಯಾವ ಮಗುವಿನ ಹೆಸರೂ ಅದರಲ್ಲಿರಲಿಲ್ಲ. ಗುಂಪಿನಿಂದ ಅವಳನ್ನು ತೆಗೆದಿದ್ದರಿಂದ ಅವಳಿಗದು ಬರಲಿಲ್ಲ. ಕಚೇರಿಯ ನೋಟಿಸ್ ಬೋರ್ಡಿನಲ್ಲಿ ಅಂಟಿಸಿದ್ದನ್ನು ನಿಂತು ಓದಿದಳು.

ಒಳಗೆ ರುಕ್ಮವ್ವನ ಹೇಳಿಕೆ ನಡೆಯುತ್ತಿತ್ತು. ಬಾಗಿಲು ಅರ್ಧ ತೆರೆದಿತ್ತು, ಬೆಂಚಿನ ಮೇಲೆ ಕೂತ ಶೋಭಾರಾಣಿಗೆ ಎಲ್ಲ ಕೇಳುತ್ತಿತ್ತು. ಈ ಶಿಕ್ಷಕಿಯ ಮೇಲೆ ನೀವು ಹೇಳುವುದೇನಾದರೂ ಇದೆಯೇ ಎಂದು ಅಧಿಕಾರಿ ಕೇಳಿದರು.

‘ಆಕಿ ಬಗ್ಗಿ ನನಗ ಏನೂ ಹೇಳೂದಿಲ್ರಿ. ನನ್ ಮಗಳು ಸಾಲಿಗೆ ಹೋಗಿದ್ಲು. ಅದನ್ನ ಬರಕೊಳ್ರಿ.’

‘ಅದು ದಾಖಲಾಗಿದೆಯಮ್ಮ.’

‘ಬರದದ್ದು ಓದ್ರಿ. ನಾ ಕೇಳ್ತೀನಿ.’

ಕಾಗದ ಮಗುಚುವ ಸದ್ದಾಯಿತು. ಅಧಿಕಾರಿ ಓದಿದರು. ಅವಳು ಇನ್ನೊಮ್ಮೆ ಓದಿಸಿದಳು. ಆಮೇಲೆ ಹೆಬ್ಬೆಟ್ಟು ಒತ್ತಿ, ಸೆರಗಿನಿಂದ ಶಾಯಿ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಹೊರಗೆ ಕಾಯುತ್ತಿದ್ದ ಚನಬಸಪ್ಪ ಚೀಲ ಎತ್ತಿಕೊಂಡ. ಇಬ್ಬರೂ ಬೆಂಚಿನ ಮುಂದೆಯೇ ಹಾದು ಮೆಟ್ಟಿಲಿಳಿದು ಹೋದರು. ರುಕ್ಮವ್ವ ತಿರುಗಿ ನೋಡಲಿಲ್ಲ. ನೋಡಲಿ ಎಂದು ಶೋಭಾರಾಣಿಯೂ ಆಸೆಪಟ್ಟಿರಲಿಲ್ಲ. ಜವಾನ ಬಾಗಿಲಿಗೆ ಬಂದು ಅವಳ ಹೆಸರು ಕೂಗಿದ. ಅವಳು ಎದ್ದು, ಸೀರೆಯ ನೆರಿಗೆ ಸರಿಮಾಡಿಕೊಂಡು ಒಳಗೆ ಹೋದಳು.